ಇನ್ನೈದು ಡಿಗ್ರಿ ಬಲಕ್ಕೆ

"ಇವತ್ತ ಯಾ ಕಡೀಗಪಾ?" ಎಂದು ಅಮ್ಮ ಮುಂಜಾನೆ ಕೇಳಿದ್ದು ಚೇಷ್ಟೆಗೋ ಸಂಕಟಕ್ಕೋ ಎಂಬುದು ರೋಣದ ಬಸ್‌ಸ್ಟ್ಯಾಂಡಿನ ಎದುರಿನ ಕಚೇರಿಯ ಮೆಟ್ಟಿಲು ಹತ್ತುವವರೆಗೂ ಶಾಹೀದನಿಗೆ ಬಗೆಹರಿಯಲಿಲ್ಲ. ಮಂಚದ ಅಂಚಿಗೆ ಕೂತು, ತಲೆಯ ಮೇಲೆ ಸೆರಗೆಳೆದುಕೊಂಡು, ಕೈಯಲ್ಲಿ ಜಪಮಣಿ ಹಿಡಿದು, ಗಜೇಂದ್ರಗಡದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕಂಡಕ್ಟರನನ್ನು ಕೇಳುವ ದನಿಯಲ್ಲಿ ಅವಳು ಕೇಳಿದ್ದಳು. ಅವನು ಚಪ್ಪಲಿಯ ಪಟ್ಟಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸರಿಪಡಿಸುತ್ತ, "ಅದ ಕಡೀಗಿ ಅಮ್ಮಾ" ಎಂದ. "ಅದ ಅಂದರ ಹಳೇದೊ, ಹೊಸಾದೊ?" ಅಡುಗೆಮನೆಯಲ್ಲಿ ಫರ್ಜಾನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು, ಗಂಡನ ಉತ್ತರಕ್ಕೆ ಕಾಯುತ್ತಿದ್ದಳೋ, ನಗು ತಡೆಯುತ್ತಿದ್ದಳೋ. ರೊಟ್ಟಿಯ ಸದ್ದು ಮತ್ತೆ ಕೇಳುವಷ್ಟರಲ್ಲಿ ಅವನು ಓಣಿಯಲ್ಲಿ ಸೈಕಲ್ ಹತ್ತಿಯಾಗಿತ್ತು. ನಮಾಜಿಗೆ ಯಾವ ಕಡೆ ಮುಖ ಮಾಡಬೇಕೆಂದು ಹೆತ್ತ ತಾಯಿ ಕೇಳಿದರೆ ಉತ್ತರ ಹೇಳದೆ ಓಡಿ ಬರುವ ಮಗ ಇಡೀ ತಾಲೂಕಿನಲ್ಲಿ ತಾನೊಬ್ಬನೇ ಇರಬೇಕು ಎಂದು ಅವನಿಗೆ ದಾರಿಯುದ್ದಕ್ಕೂ ಅನ್ನಿಸಿತು. ಅದೂ ಉತ್ತರ ಗೊತ್ತಿದ್ದು. ಉತ್ತರ ಗೊತ್ತಿದ್ದದ್ದೇ ತೊಂದರೆಯಾಗಿತ್ತು.

ಕಂಪ್ಯೂಟರಿಗೆ ಜೀವ ಬರುವಷ್ಟರಲ್ಲಿ ಅವನು ಟೇಬಲ್ಲಿನ ಧೂಳು ಒರೆಸಿ, ಸ್ಕೇಲು ಪೆನ್ಸಿಲುಗಳನ್ನು ಅಂಚಿಗೆ ಸಮಾನಾಂತರವಾಗಿ ಇಟ್ಟ. ಈ ಚಟವನ್ನು ಕಚೇರಿಯ ಯಜಮಾನ, ಇಂಜಿನಿಯರ್ ಪರಶಪ್ಪ, ಬಂದವರಿಗೆಲ್ಲ ತೋರಿಸಿ ನಗುತ್ತಿದ್ದ: "ನಮ್ಮ ಶಾಹೀದನ ಪೆನ್ಸಿಲ್ ಸೊಟ್ಟ ಆದ ದಿನಾ ಕೊಣ್ಣೂರ ಬ್ರಿಜ್ಜಿನ ಮ್ಯಾಲ ಹೊಳಿ ಹರೀತೈತಿ ನೋಡ್ರಿ." ಅದು ಎರಡು ಸಾವಿರದ ಏಳರ ಬೇಸಿಗೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಳುತ್ತಿದ್ದವು. ಸುತ್ತಲಿನ ಜನ ಅವನ್ನು ಫ್ಯಾನು ಎನ್ನುತ್ತಿದ್ದರು. ಆ ಫ್ಯಾನುಗಳಿಗೆ ಹೋಗುವ ಕಚ್ಚಾ ರಸ್ತೆಗಳ ನಕಾಶೆ ಬರೆದುಕೊಡುವ ಗುತ್ತಿಗೆ ಪರಶಪ್ಪನದು, ಕೂತು ಬರೆಯುವವನು ಶಾಹೀದ. ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು ದೊಡ್ಡ ಮಾತಲ್ಲ. ಆ ಗೆರೆ ಭೂಮಿಯ ಮೇಲೆ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸಬೇಕಲ್ಲ, ಅದು ಕಷ್ಟದ್ದು. ಗೆರೆಗಳ ಹಿಂದೆ ಬರೀ ಅಂಕಿಗಳಿರುತ್ತವೆ: ಇಷ್ಟು ಪೂರ್ವಕ್ಕೆ, ಇಷ್ಟು ಉತ್ತರಕ್ಕೆ. ಎಲ್ಲಿಂದ ಇಷ್ಟು, ಭೂಮಿಯನ್ನು ಎಷ್ಟು ದುಂಡಗೆಂದು ಹಿಡಿದು ಇಷ್ಟು ಎಂಬುದು ಅಂಕಿಗಳಿಗೆ ಗೊತ್ತಿರುವುದಿಲ್ಲ. ಒಂದು ಪಟ್ಟಿ ತೆರೆಯಬೇಕು. ಜಗತ್ತಿನ ನಕಾಶೆ ಪದ್ಧತಿಗಳೆಲ್ಲ ಅದರಲ್ಲಿ ಸಾಲಾಗಿ ನಿಂತಿರುತ್ತವೆ. ರೋಣ, ನರಗುಂದಗಳು ಬರುವುದು ನಲವತ್ಮೂರನೆಯ ವಲಯದಲ್ಲಿ. ಅದನ್ನು ಒತ್ತಿದರೆ ಮುಗಿಯಿತು. ಒಂದು ಗೆರೆಯೂ ಅಲುಗುವುದಿಲ್ಲ, ಒಂದು ಅಂಕಿಯೂ ಬದಲಾಗುವುದಿಲ್ಲ. ನಕಾಶೆ ಮಾತ್ರ ಆ ಗಳಿಗೆಯಿಂದ ತಾನು ಹುಟ್ಟಿ ಬೆಳೆದದ್ದೇ ಅಲ್ಲಿ ಎಂದು ನಂಬಿಬಿಡುತ್ತದೆ. ಸವಡಿಯ ಎರೆಹೊಲಕ್ಕೆ ನಾರ್ವೆಯ ವಲಯ ಕೊಟ್ಟರೆ ಅದು ತಕರಾರಿಲ್ಲದೆ ಹಿಮದಲ್ಲಿ ಹೋಗಿ ಕೂತೀತು. ಹೇಳಿದ್ದನ್ನು ಇಷ್ಟು ಸುಲಭಕ್ಕೆ ನಂಬುವ ವಸ್ತುವಿನ ಎದುರು ಕೂತಾಗ ಶಾಹೀದನಿಗೆ ಯಾವಾಗಲೂ ಒಂದು ಬಗೆಯ ಅಂಜಿಕೆ. ನಮಾಜಿನ ದಿಕ್ಕಿಗೆಂದು ಅವನು ಅಮ್ಮನ ಮಂಚ ತಿರುಗಿಸಿದ ದಿನ ಅವಳೂ ಹಾಗೆಯೇ ನಂಬಿ ನೋಡಿದ್ದಳು.

ಹೋದ ವರ್ಷ ಅವನು ಆ ಪಟ್ಟಿಯಲ್ಲಿ ತಪ್ಪಾದದ್ದನ್ನು ಒತ್ತಿದ್ದ. ಇಂಗ್ಲಿಷರ ಕಾಲದ ಅಳತೆಯ ಹಳೆಯ ನಕಾಶೆಯ ಅಂಕಿಗಳಿಗೆ ಉಪಗ್ರಹದ ಪದ್ಧತಿಯ ಹೆಸರು ಕೊಟ್ಟಿದ್ದ. ಎರಡೂ ಅಳೆಯುವುದು ಇದೇ ಭೂಮಿಯನ್ನು, ಆದರೆ ಒಂದರ ಭೂಮಿಯ ಆಕಾರ ಇನ್ನೊಂದರದಂತಿಲ್ಲ. ಪರದೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಗುಡ್ಡದ ಮೇಲೆ ಮಾತ್ರ ರಸ್ತೆಯ ಕೆಂಪು ಗೂಟಗಳು ನೂರು ಮೀಟರಿನಷ್ಟು ಸರಿದು ಒಬ್ಬ ಮುದುಕಿಯ ಸೇಂಗಾ ಹೊಲದಲ್ಲಿ ನಿಂತವು. ಅವಳು ಜಗಳವಾಡಲಿಲ್ಲ. ಗೂಟಗಳನ್ನು ಕಿತ್ತು ಒಲೆಗಿಟ್ಟು, ಅದರ ಮೇಲೆ ಕಾಸಿದ ಚಹಾವನ್ನು, ನೋಡಲು ಬಂದ ಪರಶಪ್ಪನಿಗೇ ಕೊಟ್ಟಳು. "ನಿನ್ನ ರಸ್ತಾದ ಮ್ಯಾಲ ಕಾಸಿದ ಚಾ ಕುಡದ ಬಂದೆಪಾ ಶಾಹೀದ, ಭಾಳ ಚಲೋ ಇತ್ತು" ಎಂದ ಪರಶಪ್ಪ, ಹೆಲ್ಮೆಟ್ಟು ತೆಗೆಯುತ್ತ. ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತು. ಈಗ ಪರಶಪ್ಪ ಚಹಾ ತರಿಸಿದಾಗಲೆಲ್ಲ ಶಾಹೀದನ ಕಿವಿ ಬಿಸಿಯಾಗುತ್ತದೆ.

ಓಣಿಯ ಮಸೂತಿಯ ಕೆಲಸಕ್ಕೆ ಅವನು ಅಷ್ಟು ಜಾಗರೂಕನಾದದ್ದು ಆ ಚಹಾದ ಕಾರಣದಿಂದಲೇ. ಸಣ್ಣ ಮಸೂತಿ; ಜನ ಹೆಚ್ಚಾಗಿ, ಪಕ್ಕದಲ್ಲಿ ಹೊಸ ಪಡಸಾಲೆ ಕಟ್ಟಬೇಕೆಂದು ಕಮಿಟಿ ಹೊರಟಿತ್ತು. ಕಮಿಟಿಯ ಹಿರಿಯ, ಕಟ್ಟಿಗೆ ಅಡ್ಡೆಯ ಮೆಹಬೂಬಸುಭಾನಿ, ಅವನನ್ನು ಕರೆದು, "ದಿನಾ ಫ್ಯಾನಿನ ನಕಾಶಿ ತಗೀತಿ, ಅಲ್ಲಾಹನ ಮನೀದೊಂದು ತಗದು ಕೊಡು" ಎಂದಿದ್ದ. ಒಂದು ಚೌಕ ಬರೆದು ಬಾಗಿಲು ಕಿಟಕಿ ತೋರಿಸಿದ್ದರೆ ಸಾಕಿತ್ತು. ಶಾಹೀದ ಫ್ಯಾನಿನ ಕಂಪನಿಯಿಂದ, ಉಪಗ್ರಹ ನೋಡಿ ಜಾಗ ಹೇಳುವ ಯಂತ್ರವನ್ನು ಕೇಳಿ ತಂದು ಮಸೂತಿಯ ಮೂಲೆಮೂಲೆಗೆ ನಿಂತ. ನಕಾಶೆಯನ್ನು ಅದರ ವಲಯದಲ್ಲಿ ಕೂರಿಸಿದ, ಉತ್ತರದ ಬಾಣ ಹಾಕಿದ. ಆಮೇಲೆ, ಯಾರೂ ಕೇಳದಿದ್ದರೂ, ಅದರ ಕೆಳಗೊಂದು ಜಗತ್ತಿನ ನಕಾಶೆ ಹಾಸಿ, ರೋಣದಿಂದ ಮಕ್ಕಾಕ್ಕೆ ಕೂದಲಿನಷ್ಟು ತೆಳುವಾದ ಒಂದು ಹಸಿರು ಗೆರೆ ಎಳೆದ. ಆ ಗೆರೆ ಪಶ್ಚಿಮದ ಗೋಡೆಗೆ ನೇರವಾಗಿ ತಾಗಲಿಲ್ಲ. ಬಲಕ್ಕೆ, ಉತ್ತರದ ಕಡೆಗೆ, ಹತ್ತು ಡಿಗ್ರಿಯಷ್ಟು ವಾಲಿತ್ತು. ಗೋಡೆ ಕಟ್ಟಿದವರು ಮಕ್ಕಾ ಎಂದರೆ ಪಡುವಣ ಎಂದು ತಿಳಿದು ಸೀದಾ ಪಡುವಣಕ್ಕೆ ಕಟ್ಟಿದ್ದರು. ಆಗ ತನಗಾದದ್ದು ಗಾಬರಿಯಲ್ಲ, ಹಿಗ್ಗು, ಎನ್ನುವುದೇ ಈಗ ಅವನನ್ನು ಚುಚ್ಚುತ್ತಿತ್ತು. ತಾತ ಮುತ್ತಾತಂದಿರೆಲ್ಲ ಸಾಲಾಗಿ ನಿಂತು ಮಾಡಿದ ಒಂದು ತಪ್ಪನ್ನು ತಾನು ಕುರ್ಚಿಯಲ್ಲಿ ಕೂತೇ ಹಿಡಿದ ಹಿಗ್ಗು.

ಕಮಿಟಿಯ ಮುಂದೆ ನಕಾಶೆ ಬಿಚ್ಚಿ ಅವನು ಹೇಳಿದ. ಮೆಹಬೂಬಸುಭಾನಿ ಕನ್ನಡಕ ತೆಗೆದು ಒರೆಸಿದ. "ಹತ್ತು ಡಿಗ್ರಿ ಅಂದರ ಎಷ್ಟೋ? ಕೈಲೆ ತೋರಸು." ಶಾಹೀದ ಅಂಗೈಯನ್ನು ನೆಟ್ಟಗೆ ಹಿಡಿದು ತುಸು ಹೊರಳಿಸಿದ. "ಇಷ್ಟ ಏನು? ಇದಕ್ಕಿಂತ ಹೆಚ್ಚು ನಮ್ಮ ಕುತಿಗಿ ಸೊಟ್ಟ ಅದಾವಲ್ಲೋ." ಎಲ್ಲರೂ ನಕ್ಕರು. ಪೇಶ್‌ಇಮಾಮರು ದಿಕ್ಕು ಸುಮಾರಾಗಿ ಇದ್ದರೆ ಸಾಕು, ದೂರದಲ್ಲಿರುವವರಿಗೆ ಅಷ್ಟು ಕಟ್ಟುನಿಟ್ಟಿಲ್ಲ ಎಂದು ಮೆಲ್ಲಗೆ ಹೇಳಿದರು. ಆದರೂ ಮೆಹಬೂಬಸುಭಾನಿ ನಕಾಶೆಯನ್ನು ಸುತ್ತಿ ಬಗಲಲ್ಲಿಟ್ಟುಕೊಂಡು, "ಹೊಸಾ ಪಡಸಾಲಿ ನೆಲಾ ಹಾಸೂ ಮುಂದ ನೋಡೂಣಂತ. ಸಾಲಿನ ಗೆರಿ ಇವನ ಲೆಕ್ಕಕ್ಕ ಹಾಕಿಸಿದರ ಆತು" ಎಂದಿದ್ದ. ಜನ ಸಾಲಾಗಿ ನಿಲ್ಲಲು ನೆಲದ ಬಿಳಿ ಪರಸಿ ಕಲ್ಲುಗಳ ನಡುವೆ ಕರಿ ಕಲ್ಲಿನ ಪಟ್ಟಿಗಳನ್ನು ಕೂರಿಸುತ್ತಾರೆ. ಗೋಡೆ ಸೊಟ್ಟಗಿದ್ದರೂ ಪಟ್ಟಿಯನ್ನು ಸರಿಯಾಗಿ ಕೂರಿಸಬಹುದು. ಆ ಕೆಲಸ ನಾಳೆ ಶುರು. ಹತ್ತು ಡಿಗ್ರಿ ಎಂದು ಅವನು ಹೇಳಿದ್ದು ನಾಳೆ ಕಲ್ಲಾಗುತ್ತದೆ.

ಮತ್ತು ಹತ್ತು ಡಿಗ್ರಿ ತಪ್ಪಾಗಿತ್ತು.

ಇದು ಅವನಿಗೆ ಹೊಳೆದದ್ದು ಮೊನ್ನೆ, ಫ್ಯಾನಿನ ರಸ್ತೆಯೊಂದನ್ನು ವಲಯದಲ್ಲಿ ಕೂರಿಸುವಾಗ. ಕಾಗದದ ಮೇಲೆ ನೆಟ್ಟಗಿರುವ ಗೆರೆ ಭೂಮಿಯ ಮೇಲೆ ನೆಟ್ಟಗಿರಬೇಕೆಂದಿಲ್ಲ. ಊರಿನಿಂದ ಊರಿಗಾದರೆ ವ್ಯತ್ಯಾಸ ಕಾಣುವುದಿಲ್ಲ, ಸಮುದ್ರ ದಾಟಿದರೆ ಕಾಣುತ್ತದೆ. ಬಿ.ಎಸ್ಸಿ.ಯಲ್ಲಿ ಗೋಳದ ಮೇಲಿನ ತ್ರಿಕೋನಗಳ ಪ್ರಶ್ನೆಗೆ ಅವನಿಗೆ ಪೂರ್ತಿ ಅಂಕ ಬಂದಿತ್ತು. ಪೂರ್ತಿ ಅಂಕ ಬಂದವನು ದುಂಡು ಭೂಮಿಯನ್ನು ಚಪಾತಿಯಂತೆ ಹಾಸಿ ಅದರ ಮೇಲೆ ಸ್ಕೇಲಿಟ್ಟು ಗೆರೆ ಎಳೆದಿದ್ದ. ಅವತ್ತು ಸಂಜೆ ಅವನು ಒಂದು ಕಲ್ಲಂಗಡಿ ಹಣ್ಣು ಕೊಂಡು ಮನೆಗೆ ಹೋಗಿ, ಅದರ ಮೇಲೆ ರೋಣಕ್ಕೊಂದು ಮಕ್ಕಾಕ್ಕೊಂದು ಗುಂಡುಸೂಜಿ ಚುಚ್ಚಿ, ನಡುವೆ ದಾರ ಬಿಗಿದು, ಕೋನಮಾಪಕ ಹಿಡಿದು ಕೂತಿದ್ದ. ಫರ್ಜಾನಾ ಈಳಿಗೆಮಣೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. "ಅಳದಾದ ಮ್ಯಾಲ ತಿನ್ನಾಕ ಬರತೈತಿಲ್ರೀ?" ದಾರ ಬಲಕ್ಕೆ ಇನ್ನೂ ಹೆಚ್ಚು ವಾಲಿತ್ತು. ಕಾಗದದ ಮೇಲೆ ಸೂತ್ರ ಹಾಕಿ ಲೆಕ್ಕ ಮಾಡಿದ: ಹದಿನೈದು. ಎರಡು ಸಲ ಮಾಡಿದ, ಹದಿನೈದೇ. ಹಣ್ಣು ಚಪ್ಪೆಯಾಗಿತ್ತು. "ಮಕ್ಕಾದ ಕಡೆ ಸ್ವಲ್ಪ ಸಿಹಿ ಐತಿ" ಎಂದು ಅಮ್ಮ ಮಂಚದಿಂದಲೇ ಹೇಳಿದಾಗ ಫರ್ಜಾನಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಶಾಹೀದ ಮಾತ್ರ ಅದರಲ್ಲಿ ಕೊಕ್ಕೆ ಹುಡುಕುತ್ತ ಕೂತಿದ್ದ.

ಅಮ್ಮನಿಗೆ ಸುದ್ದಿ ಮುಟ್ಟಿಸಿದ್ದು ಅವನಲ್ಲ, ಎದುರು ಮನೆಯ ಬೀಬಿಜಾನ. ಕಮಿಟಿಯವರು ಮಸೂತಿಯ ಮೆಟ್ಟಿಲಿಳಿಯುವ ಮೊದಲೇ ಅದು ನಳದ ಹತ್ತಿರ ಕೊಡ ತುಂಬಿಸುವವರಿಗೆಲ್ಲ ಗೊತ್ತಾಗಿತ್ತು. ಟೊಂಕದ ಎಲುಬು ಮುರಿದ ಮೇಲೆ ಅಮ್ಮ, ಮದರಬಿ, ಮಂಚ ಬಿಟ್ಟು ಇಳಿದವಳಲ್ಲ. ಅದರ ಅಂಚಿಗೆ ಕೂತು, ಬಾಗಿಲಿನ ಎಡಕ್ಕಿದ್ದ ಪಡುವಣದ ಗೋಡೆಗೆ ಮುಖ ಮಾಡಿ, ತಲೆ ಬಾಗಿಸಿಯೇ ನಮಾಜು ಮುಗಿಸುತ್ತಿದ್ದಳು. ಆ ಸಂಜೆ ಅವನು ಮನೆಗೆ ಬಂದಾಗ ಅವಳು ಗೋಡೆಯನ್ನು, ಹಲವು ವರ್ಷ ಕೂಡಿ ಬಾಳಿದವರನ್ನು ಹೊಸದಾಗಿ ಗುಮಾನಿಯಿಂದ ನೋಡುವ ಹಾಗೆ ನೋಡುತ್ತಿದ್ದಳು. "ಹೌದೇನೋ ಶಾಹೀದ? ಹಂಗಾದರ ಇಷ್ಟ ವರ್ಷ ನನ್ನ ನಮಾಜು ಎಲ್ಲಿ ಹೋಗಿ ಬಿತ್ತೋ?" ಇಂಥ ಪ್ರಶ್ನೆಗೆ ಬೇರೆ ಮಗನಾದರೆ ಅಮ್ಮನ ಕೈ ಹಿಡಿದುಕೊಳ್ಳುತ್ತಿದ್ದ. ಶಾಹೀದ ಯೋಚಿಸಿ, ಅಕ್ಷಾಂಶ ನೆನಪು ಮಾಡಿಕೊಂಡು, "ಯಮನ್ ದೇಶ ಅಮ್ಮಾ. ಇನ್ನೂ ಮುಂದ ಹೋದರ ಸುಡಾನ್" ಎಂದ. ಫರ್ಜಾನಾ ನಾಲಿಗೆ ಕಚ್ಚಿಕೊಂಡಳು. ಅಮ್ಮ "ಸಮುದ್ರದಾಗ ಬಿದ್ದಿಲ್ಲಲ್ಲ?" ಎಂದು ಕೇಳಿದಳು. ಇಲ್ಲ ಎಂದ. "ಅಲ್ಲಿ ಮಂದಿ ಅದಾರ?" ಇದ್ದಾರೆ ಎಂದ. "ಮತ್ತ ಚಲೋ ಆತು ಬಿಡು" ಎಂದು ಮಣಿ ಎಣಿಸತೊಡಗಿದಳು. ಅವನು ಕೂಡಲೇ ಮಂಚದ ಕಾಲುಗಳಿಗೆ ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅದನ್ನು ಹತ್ತು ಡಿಗ್ರಿ ಬಲಕ್ಕೆ ತಿರುಗಿಸಿದ್ದ. ಅವಳು ತಿರುಗುವ ಮಂಚದ ಮೇಲೆ, ಜಾತ್ರೆಯ ತೊಟ್ಟಿಲಲ್ಲಿ ಕೂತವಳಂತೆ ಎರಡೂ ಕೈಯಿಂದ ಅಂಚು ಹಿಡಿದು ಅವನನ್ನೇ ನೋಡುತ್ತಿದ್ದಳು. ಆವತ್ತಿನಿಂದ ಅವಳು ನಮಾಜು ಮಾಡಿದ್ದನ್ನು ಅವನು ಕಂಡಿರಲಿಲ್ಲ. ಅವನು ಮನೆಯಲ್ಲಿದ್ದಾಗಲೆಲ್ಲ ಮಣಿ ಎಣಿಸುತ್ತ ಸುಮ್ಮನೆ ಕೂತಿರುತ್ತಿದ್ದಳು, ಮುಂಜಾನೆ ಹೊರಡುವಾಗ ಮಾತ್ರ ಅದೇ ಪ್ರಶ್ನೆ. ನಂಬಿಕೊಂಡು ಬದುಕಿದವಳ ನಂಬಿಕೆಯನ್ನು ತಾನು ಒಂದು ಗುಂಡಿ ಒತ್ತಿ ಬೇರೆ ವಲಯಕ್ಕೆ ಹಾಕಿಬಿಟ್ಟೆ. ಅದೂ ತಪ್ಪಾದ ವಲಯಕ್ಕೆ. ಈಗ ಹೋಗಿ, ಅಮ್ಮಾ, ಹತ್ತಲ್ಲ ಹದಿನೈದು ಎಂದರೆ ಅವಳಿಗೆ ಏನು ಉಳಿಯುತ್ತದೆ?

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಪರಶಪ್ಪ ಅವನ ಪರದೆಯನ್ನು ಇಣುಕಿ ನೋಡಿದ. ರಸ್ತೆಯ ನಕಾಶೆ ಇರಬೇಕಾದಲ್ಲಿ ಮಸೂತಿಯದಿತ್ತು, ಅದರ ಮೇಲೆ ಒಂದಲ್ಲ ಎರಡು ಹಸಿರು ಗೆರೆ. "ಇದೇನೋ, ನಿಮ್ಮ ಮಕ್ಕಾ ಎರಡಾತೇನು?" ಶಾಹೀದ ಎಲ್ಲವನ್ನೂ ಹೇಳಿದ. ಹೇಳುವಾಗ ತಾನು ಚಹಾ ಕಾಸಿದ ಗೂಟಗಳ ಕಥೆಯನ್ನೇ ಮತ್ತೆ ಹೇಳುತ್ತಿದ್ದೇನೆ ಎನ್ನಿಸಿತು. ಪರಶಪ್ಪ ರೊಟ್ಟಿ ಮುರಿಯುತ್ತ ಗಂಭೀರವಾಗಿ ಕೇಳಿಸಿಕೊಂಡ. "ಒಂದು ಮಾತು ಕೇಳು. ನಮ್ಮ ಓಣ್ಯಾಗಿನ ಈಶ್ವರ ಗುಡಿ ಬಾಗಲಾ ಮೂಡಲಕ ಐತಿ ಅಂತಾರ. ನೀ ಆ ಯಂತ್ರಾ ಹಿಡಕೊಂಡು ಅದರ ಮುಂದ ಮಾತ್ರ ಹಾಯಬ್ಯಾಡ ಮಾರಾಯ. ನಮ್ಮ ಪೂಜಾರಿಗಿ ಮೊದಲ ಬಿ.ಪಿ. ಐತಿ." ಶಾಹೀದನಿಗೆ ನಗು ಬರಲಿಲ್ಲ. "ನಾಳಿ ಕಲ್ಲ ಕೂಡಸ್ತಾರ ಸರ. ಹತ್ತು ಅಂತ ಹೇಳೀನಿ." "ಮತ್ತ ಹೋಗಿ ಹದಿನೈದು ಅನ್ನು." "ನಗತಾರ್ರಿ." "ನಕ್ಕರ ಏನಾತಪಾ, ನಕ್ಕರ ಗೂಟಾ ಸರೀತಾವೇನು?" ಎಂದು ಪರಶಪ್ಪ ತನ್ನ ಪಾಲಿನ ಉಳ್ಳಾಗಡ್ಡಿಯಲ್ಲಿ ಅರ್ಧವನ್ನು ಅವನ ಡಬ್ಬಿಗೆ ಹಾಕಿದ. ಆ ಅರ್ಧ ಉಳ್ಳಾಗಡ್ಡಿಯನ್ನು ನೋಡುತ್ತ ಶಾಹೀದನಿಗೆ ನೆನಪಾದದ್ದು ಖಬರಸ್ತಾನ. ಇದನ್ನು ಅವನು ಪರಶಪ್ಪನಿಗೆ ಹೇಳಿರಲಿಲ್ಲ. ತನ್ನ ಅಬ್ಬಾ ಜಂಗ್ಲಿಸಾಬನನ್ನು ಗೋರಿಯಲ್ಲಿ ಇಳಿಸಿಕೊಂಡವರಲ್ಲಿ ಅವನೂ ಒಬ್ಬ. ಬಲಮಗ್ಗುಲಾಗಿ ಮಲಗಿಸಿ ಮುಖವನ್ನು ಪಡುವಣಕ್ಕೆ ಹೊರಳಿಸಿದ್ದು ಇದೇ ಕೈ. ಗದ್ದ ಚುಚ್ಚಿತ್ತು, ಎರಡು ದಿನದ ಗಡ್ಡ. ಮೇಲಿನಿಂದ ಯಾರೋ "ಸ್ವಲ್ಪ, ಇನ್ನ ಸ್ವಲ್ಪ, ಸಾಕು" ಎಂದಿದ್ದರು. ಸಾಕು ಎಂದವರಿಗೆ ಏನು ಗೊತ್ತಿತ್ತು? ಮಂಚಕ್ಕೆ ಸೀಮೆಸುಣ್ಣದ ಗುರುತು ಹಾಕಬಹುದು, ನೆಲಕ್ಕೆ ಕರಿ ಪಟ್ಟಿ ಹಾಕಬಹುದು. ಉಳ್ಳಾಗಡ್ಡಿ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೊಂದು ಒಳ್ಳೆಯ ನೆವವಾಯಿತು.

ಸಂಜೆಮುಂದಿನ ಅಸರ್ ನಮಾಜಿಗೆ ಇನ್ನೂ ಹೊತ್ತಿರುವಾಗಲೇ ಅವನು ಮಸೂತಿಗೆ ಹೋದ. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸುವಾಗ, ಹೇಳಬೇಕಾದ ವಾಕ್ಯವನ್ನು ಕೊನೆಯ ಸಲ ಜೋಡಿಸಿಕೊಂಡ: ಕಾಗದ ಚಪ್ಪಟೆ, ಭೂಮಿ ದುಂಡಗೆ. ಹೊಸ ಪಡಸಾಲೆಯಲ್ಲಿ ಗವಂಡಿ ಮಾಳಪ್ಪ ಮಂಡಿಯೂರಿ ಕೂತು ಪರಸಿ ಕಲ್ಲುಗಳನ್ನು ತಟ್ಟಿ ನೋಡುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಮೆಹಬೂಬಸುಭಾನಿ ಕೂತು, ಮಾಳಪ್ಪ ತಟ್ಟಿದ ಪ್ರತಿ ಕಲ್ಲಿಗೂ ತಾನೇ ತಟ್ಟಿದವನಂತೆ ತಲೆದೂಗುತ್ತಿದ್ದ. "ಬಾರಪಾ ಇಂಜಿನಿಯರಾ" ಎಂದ. ಶಾಹೀದ ನಿಂತೇ ಹೇಳಿದ. ಕಾಗದ ಚಪ್ಪಟೆ ಎಂದ, ಭೂಮಿ ದುಂಡಗೆ ಎಂದ, ತನ್ನದು ತಪ್ಪಾಯಿತು ಎಂದ, ಹದಿನೈದು ಎಂದ. ಮೆಹಬೂಬಸುಭಾನಿ ಬೆರಳು ಮಡಚಿದ. "ಮೊದಲ ಸೀದಾ ಇತ್ತು. ನೀ ಬಂದು ಹತ್ತು ಅಂದಿ. ಈಗ ಹದಿನೈದು. ಬರೂ ರಮಜಾನಿಗಿ ತೊಂಬತ್ತು ಮಾಡಿ ನಮ್ಮನ್ನ ಬದಾಮಿ ಕಡೆ ನಿಂದರಸ್ತೀ ಏನೋ?" ಮಾಳಪ್ಪ ನಗುವನ್ನು ಕಲ್ಲಿನೊಳಗೆ ತಟ್ಟಿದ. "ಇದು ಕೊನೇದ್ರಿ ಚಾಚಾ" ಎಂದ ಶಾಹೀದ, ತನ್ನ ದನಿ ಹುಡುಗನದಂತೆ ಕೇಳಿದ್ದಕ್ಕೆ ನಾಚಿಕೊಂಡು. "ಬೇಕಾದರ ಇವತ್ತ ಸೂರ್ಯ ಎಲ್ಲಿ ಮುಳಗತಾನ ನೋಡ್ರಿ. ಈ ದಿನದಾಗ ಸರಿಯಾಗಿ ಅದ ಕಡೆ ಮುಳಗತಾನ." "ಸೂರ್ಯನ ಮಾತು ಕೇಳಬಾರದಪಾ. ಅಂವ ಇವತ್ತೊಂದು ಕಡೆ, ನಾಳಿ ಒಂದು ಕಡೆ. ನಿನಗ ಅಂವ ಗುರು ಆಗ್ಯಾನೇನು?"

ಶಾಹೀದ ಜೇಬಿನಿಂದ ಹೊಸ ನಕಾಶೆ ತೆಗೆದು ಮಾಳಪ್ಪನ ಮುಂದೆ ಹಾಸಿದ. ಪಟ್ಟಿಗಳನ್ನು ಎಲ್ಲಿಂದ ಎಲ್ಲಿಗೆ ಹಾಕಬೇಕು, ಗೋಡೆಯ ಹತ್ತಿರ ಮೂಲೆಗಳಲ್ಲಿ ಉಳಿಯುವ ತ್ರಿಕೋನಗಳಿಗೆ ಕಲ್ಲನ್ನು ಹೇಗೆ ಕತ್ತರಿಸಬೇಕು ಎಂದು ಎಲ್ಲ ಬರೆದು ತಂದಿದ್ದ. ಮಾಳಪ್ಪ ನಕಾಶೆಯನ್ನು ನೋಡದೆ ಮೆಹಬೂಬಸುಭಾನಿಯನ್ನು ನೋಡಿದ. ಮೆಹಬೂಬಸುಭಾನಿ ಛಾವಣಿಯನ್ನು ನೋಡಿದ. ಆಗ ಶಾಹೀದನ ಕಣ್ಣಿಗೆ ಬಿತ್ತು: ಗೋಡೆಗೆ ಒರಗಿಸಿಟ್ಟ ಕರಿ ಪಟ್ಟಿಗಳೆಲ್ಲ ಆಗಲೇ ಕತ್ತರಿಸಿ ಸಿದ್ಧವಾಗಿದ್ದವು, ಎಲ್ಲವೂ ಒಂದೇ ಉದ್ದ, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಸರಿಯಾಗಿ. ನೆಲದ ಮೇಲೆ ಮಾಳಪ್ಪ ಹೊಡೆದ ನೀಲಿ ದಾರದ ಗುರುತು ಪಡುವಣದ ಗೋಡೆಗೆ ಸಮಾನಾಂತರವಾಗಿತ್ತು. "ಆ ಮೀಟಿಂಗ್ ಆದ ಮರದಿನಾನ ಹೇಳ್ಯಾರ್ರಿ ಇವರು, ಹಳೇ ಪದ್ಧತಿಲೇನ ಹಾಕು ಅಂತ" ಎಂದ ಮಾಳಪ್ಪ ತಪ್ಪಿತಸ್ಥನಂತೆ. "ನಿಮಗ ಹೇಳಿರತಾರ ಅಂತ ಮಾಡಿದ್ನಿ." ಮೆಹಬೂಬಸುಭಾನಿ ಎದ್ದು ಬಂದು ಶಾಹೀದನ ಹೆಗಲ ಮೇಲೆ ಕೈಯಿಟ್ಟ. "ಸಿಟ್ಟಾಗಬ್ಯಾಡ. ಮುದುಕರು ಅಡ್ಡ ಗೆರಿ ನೋಡಿದರ ತಲಿ ತಿರುಗಿ ಬೀಳತಾರ ಅಂದರು. ಇಮಾಮಸಾಬರೂ ಸಾಕು ಅಂದರು. ನೀ ಮಾತ್ರ ಭಾಳ ಖುಷಿಲೆ ಗೆರಿ ಕೊರಿಯಾಕ ಹತ್ತಿದ್ದಿ, ಹೇಳೂ ಮನಸ ಆಗಲಿಲ್ಲ." ಅವನ ಎರಡು ರಾತ್ರಿಗಳನ್ನು ತಿಂದ ಆ ಐದು ಡಿಗ್ರಿಯನ್ನು ಯಾರೂ ಬಳಸುವವರಿರಲಿಲ್ಲ, ಹತ್ತನ್ನೂ ಬಳಸುವವರಿರಲಿಲ್ಲ. ಶಾಹೀದನಿಗೆ ಮೊದಲು ಹಗುರವಾಯಿತು, ಆಮೇಲೆ ಹಗುರವಾದದ್ದಕ್ಕೇ ಅವಮಾನವಾಯಿತು. ಸಾಲಿನಲ್ಲಿ ನಿಂತು ನಮಾಜು ಮಾಡುವಾಗ ಅವನ ಮೈ ತನ್ನಷ್ಟಕ್ಕೆ ಬಲಕ್ಕೆ ಹೊರಳಿ ಪಕ್ಕದವನ ಹೆಗಲಿಗೆ ಒತ್ತಿತು. ಪಕ್ಕದವನು ಮೆಹಬೂಬಸುಭಾನಿಯೇ. ಅವನು ತುಸು ಬಲಕ್ಕೆ ಸರಿದು ಜಾಗ ಮಾಡಿಕೊಟ್ಟ. ಅದು ತನಗೆ ಮಾಡಿದ ಮರ್ಯಾದೆಯೋ ಗೇಲಿಯೋ ಎಂದು ಶಾಹೀದ ನಮಾಜು ಮುಗಿಯುವವರೆಗೂ ತೂಗಿ ನೋಡುತ್ತಿದ್ದ; ಎಷ್ಟು ಸಲ ಬಾಗಿದೆ ಎಂಬುದೂ ತಪ್ಪಿಹೋಗುವುದರಲ್ಲಿತ್ತು.

ಮನೆಗೆ ಹೋಗುವ ಮೊದಲು ಅವನು ಸವಡಿ ರಸ್ತೆಯವರೆಗೆ ಸುಮ್ಮನೆ ಸೈಕಲ್ ಹೊಡೆದ. ಖಬರಸ್ತಾನದ ಗೋಡೆ ಬಂದಾಗ ಇಳಿಯಲಿಲ್ಲ, ಮುಖ ತಿರುಗಿಸಲೂ ಇಲ್ಲ, ಬೆಲ್ಲನ್ನು ಮಾತ್ರ ಕಾರಣವಿಲ್ಲದೆ ಒಮ್ಮೆ ಬಾರಿಸಿದ. ತಿರುಗಿ ಬಂದಾಗ ಓಣಿಯಲ್ಲಿ ನಳ ಬಂದಿತ್ತು. ಕೊಡಗಳ ಸದ್ದು, ಬೀಬಿಜಾನಳ ದನಿ ಎಲ್ಲರಿಗಿಂತ ಮೇಲೆ. ಮನೆಯೊಳಗೆ ಅಮ್ಮ ಮಂಚದ ಅಂಚಿಗೆ ಕೂತು ಬಾಗಿಲ ಕಡೆಗೆ ಕತ್ತು ಚಾಚಿದ್ದಳು. ಅವನು ನೀರನ್ನೂ ಕುಡಿಯದೆ ಅವಳ ಎದುರು ನಿಂತು, ಗಟ್ಟಿ ಮಾಡಿಕೊಂಡ ಮನಸ್ಸು ಕರಗುವ ಮೊದಲೇ ಹೇಳಿಬಿಟ್ಟ. "ಅಮ್ಮಾ, ನಾ ಹೇಳಿದ್ದು ತಪ್ಪಾತು. ಹತ್ತಲ್ಲ, ಹದಿನೈದು. ಮಂಚ ಇನ್ನ ಐದು ಡಿಗ್ರಿ ಬಲಕ್ಕ ಹೋಗಬೇಕಾಗಿತ್ತು. ಮಸೂತ್ಯಾಗ ಹಳೇ ಪದ್ಧತಿನ ಇಡತಾರಂತ. ನಿನಗ ಹೆಂಗ ಬೇಕೋ ಹಂಗ ಮಾಡತೇನಿ. ಬೇಕಾದರ ಮೊದಲಿನಂಗ ಗ್ವಾಡಿ ಕಡೆನ ತಿರಗಸ್ತೇನಿ."

"ಗ್ವಾಡಿ ಕಡೆ ಬ್ಯಾಡ!" ಎಂದಳು ಅಮ್ಮ, ಅವನು ಹೆದರುವಷ್ಟು ಜೋರಾಗಿ. ಆಮೇಲೆ ದನಿ ತಗ್ಗಿಸಿ, "ಐದು ಅಂದರ ಎಷ್ಟಾಕ್ಕೈತಿ? ನಳದ ತನಕಾ ಕಾಣಸ್ತೈತೇನು?" ಎಂದು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಒಳಗಿನಿಂದ ಬಂದ ಫರ್ಜಾನಾ, ಇನ್ನು ತಡೆಯಲಾರೆ ಎನ್ನುವಂತೆ ಬಾಗಿಲ ಚೌಕಟ್ಟಿಗೆ ಒರಗಿ ನಕ್ಕಳು. "ನೀವು ಮಂಚ ತಿರಗಿಸಿದಾಗಿಂದ ಅತ್ತೀಗಿ ಬೀಬಿಜಾನಮ್ಮನ ಕಟ್ಟಿ ಕಾಣಾಕ ಹತ್ತೈತಿ. ಯಾರ ಬಂದರು, ಯಾರ ಹೋದರು ಎಲ್ಲಾ. ನಳಾ ಮಾತ್ರ ಸ್ವಲ್ಪದಾಗ ತಪ್ಪೈತಿ. ಜಗಳದ್ದು ಸಪ್ಪಳ ಕೇಳತೈತಿ, ಕೈ ಮಾಡೂದು ಕಾಣಂಗಿಲ್ಲ." ಶಾಹೀದ ಇಬ್ಬರನ್ನೂ ನೋಡಿದ. "ಮತ್ತ ನಮಾಜು?" "ಐದೂ ಹೊತ್ತು ಮಾಡ್ಯಾರ್ರಿ." "ನನಗ ಹೇಳಲಿಲ್ಲಲ್ಲ?" "ನೀವು ಕೇಳಲಿಲ್ಲಲ್ಲ?" ಎಂದಳು ಫರ್ಜಾನಾ. ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: "ನಿನ್ನ ಮುಂದ ಮಾಡಿದರ ನೀ ಅಳತಿ ಪಟ್ಟಿ ತಗೊಂಡು ನಿಂದರತಿದ್ದಿ. ಮೊದಲನೇ ದಿನಾ ಖರೇನ ಎದಿ ಧಸಕ್ ಅಂತು, ಸುಳ್ಳ್ಯಾಕ ಹೇಳ್ಲಿ. ಮರುದಿನ ಬಾಗಲದಾಗ ಬೀಬಿಜಾನನ ಮಾರಿ ಕಾಣಸ್ತು. ಮುರದ ಟೊಂಕ ತಗೊಂಡು ಗ್ವಾಡೀನ ನೋಡಿ ನೋಡಿ ನನಗ ಸಾಕಾಗಿತ್ತೋ. ಹೂಂ, ತಿರಗಸು."

ಅವನು ಸೀಮೆಸುಣ್ಣ ಹುಡುಕಿದ, ಸಿಗಲಿಲ್ಲ. ಮಂಚದ ಕಾಲಿಗೆ ಹೆಗಲು ಕೊಟ್ಟು ತಳ್ಳಿದ. "ಇಷ್ಟು?" "ಇನ್ನಷ್ಟು." "ಈಗ?" "ಬೀಬಿಜಾನನ ಕೊಡಾ ಕಾಣಸ್ತು, ಕೈ ಕಾಣಸವಲ್ದು. ಇನ್ನಷ್ಟು." ಮುಳುಗುವ ಸೂರ್ಯ ತೆರೆದ ಬಾಗಿಲಿನಿಂದ ನೆಲದ ಮೇಲೆ ಉದ್ದಕ್ಕೆ ಹರಿದು ಬಂದು ಅಮ್ಮನ ಮಡಿಲಿನಲ್ಲಿ ಬಿದ್ದಿದ್ದ. ಅದನ್ನೇ ಗೆರೆಯಾಗಿ ಹಿಡಿದರೆ ಅಳತೆ ಮಾಡುವ ಅಗತ್ಯವೇ ಇಲ್ಲ ಎಂದು ಅವನಿಗೆ ಹೊಳೆಯಿತು. ಆದರೆ ಮಂಚ ಅದನ್ನು ದಾಟಿ ತುಸು ಹೆಚ್ಚೇ ತಿರುಗಿತೋ, ಕಡಿಮೆಯಾಯಿತೋ ಎಂದು ನೋಡುವಷ್ಟರಲ್ಲಿ ಅಮ್ಮ "ಸಾಕು" ಎಂದಳು. ಸ್ವಲ್ಪ, ಇನ್ನ ಸ್ವಲ್ಪ, ಸಾಕು. ಬಗ್ಗಿದವನು ಹಾಗೆಯೇ ನಿಂತ. ಮಂಚದ ಕಾಲನ್ನು ಹಿಡಿದ ಕೈಯಲ್ಲಿ ಎರಡು ದಿನದ ಗಡ್ಡ ಚುಚ್ಚಿದಂತಾಯಿತು.

"ಅಮ್ಮಾ" ಎಂದ, ಅವಳ ಮುಖ ನೋಡದೆ. "ಅಬ್ಬಾನ್ನ ನಾನ ಮಲಗಿಸಿದ್ದು. ಸೀದಾ ಪಡುವಣಕ್ಕ."

ನಳದ ಹತ್ತಿರ ಯಾರೋ ಯಾರದೋ ಕೊಡ ಸರಿಸಿದರು, ಜಗಳ ಶುರುವಾಯಿತು. ಅಮ್ಮ ಅತ್ತ ನೋಡಲಿಲ್ಲ. ಮಗನ ಬಗ್ಗಿದ ತಲೆಯನ್ನೇ ನೋಡುತ್ತಿದ್ದಳು. "ನಿಮ್ಮಪ್ಪ" ಎಂದಳು ಆಮೇಲೆ, "ಮಲಗಿಸಿದಲ್ಲಿ ಮಲಗಿದ ಮನಶ್ಯಾ ಅಲ್ಲಪಾ. ಸಂಜಿಗಿ ನನ್ನ ಮಗ್ಗಲಿಗಿ ಇದ್ದವರು ನಸಕಿನಾಗ ಬಾಗಲದ ಹತ್ರ ಸಿಗತಿದ್ದರು. ಹಾಸಿಗಿ ಒಂದು ಕಡೆ, ಅವರೊಂದು ಕಡೆ. ನೀ ಪಡುವಣಕ್ಕ ಮಲಗಿಸಿದರ ಅವರು ಇಷ್ಟು ದಿನಾ ಹಂಗ ಇರತಾರ? ಯಾವಾಗೋ ಹೊಳ್ಳಿರತಾರ ತಗೋ. ನಿನ್ನ ಹದಿನೈದೂ ದಾಟಿರತಾರ."

ಅವಳು ನಕ್ಕಳು. ನಗುತ್ತಲೇ ಸೆರಗಿನ ತುದಿಯಿಂದ ಒಂದು ಕಣ್ಣು ಒರೆಸಿಕೊಂಡಳು, ಇನ್ನೊಂದನ್ನು ಹಾಗೆಯೇ ಬಿಟ್ಟಳು. ಚೇಷ್ಟೆಯೋ ಸಂಕಟವೋ ಎಂದು ಕೇಳಿಕೊಳ್ಳುವ ಅಭ್ಯಾಸದಿಂದ ಶಾಹೀದ ತಲೆಯೆತ್ತಿದ. ಅಷ್ಟರಲ್ಲಿ ಹೊತ್ತು ಮುಳುಗಿ, ಮಸೂತಿಯಿಂದ ಮಗ್ರಿಬ್‌ನ ಅಜಾನ್ ಎದ್ದಿತು. ನಳದ ಜಗಳ ಅರ್ಧ ಮಾತಿನಲ್ಲಿ ನಿಂತಿತು. ಫರ್ಜಾನಾ ತಲೆಯ ಮೇಲೆ ಓಢಣಿ ಎಳೆದುಕೊಂಡಳು. ಅಜಾನ್ ಮುಗಿದ ಮೇಲೆ ಅಮ್ಮ ಕೈಗಳನ್ನು ಎತ್ತಿದವಳು ಮತ್ತೆ ಇಳಿಸಿ, ಮಂಚದ ಮುಂದೆ, ಸರಿಯಾಗಿ ಬಾಗಿಲ ಬೆಳಕಿನ ನಡುವೆ ನಿಂತಿದ್ದ ಮಗನಿಗೆ ಅಂದಳು:

"ಸರೀ ಅತ್ತಾಗ. ಅಡ್ಡ ನಿಂತೀ."

ಅವನು ಸರಿದ.